ಬೀಜ ದೊಡ್ಡದೋ, ಹೊಲ ದೊಡ್ಡದೋ?

ಹುಟ್ಟಿನ ವಿಷಯದಲ್ಲಿ ನಮ್ಮ ಪುರಾಣಕಾರರು ಬಹಳ ಉದಾರಿಗಳು. ಯುವನಾಶ್ವನೆಂಬ ಅರಸನು ಸಂತಾನಾರ್ಥವಾಗಿ ಋಷಿಗಳಿಂದ ಇಷ್ಟಿಯನ್ನು ಮಾಡಿಸಿ, ರಾಣಿಗೆಂದು ಮಂತ್ರಿಸಿಟ್ಟಿದ್ದ ಕಲಶದ ನೀರನ್ನು ನಡುರಾತ್ರಿಯ ಬಾಯಾರಿಕೆಯಲ್ಲಿ ತಾನೇ ಕುಡಿದುಬಿಟ್ಟನಂತೆ. ಮಂತ್ರೋದಕ ಹುಸಿಯಾದೀತೆ? ಕಾಲ ತುಂಬಿದಾಗ ಅವನ ಪಕ್ಕೆಯನ್ನು ಭೇದಿಸಿಕೊಂಡು ಮಾಂಧಾತನು ಹುಟ್ಟಿದನು. ಇತ್ತ ಕೈಲಾಸದಲ್ಲಿ ಪಾರ್ವತಿಯು ತನ್ನ ಮೈಯ ಮಣ್ಣನ್ನು ಉಂಡೆಮಾಡಿ ಜೀವ ತುಂಬಿದಳು. ಗಣಪತಿ ಎದ್ದು ನಿಂತನು. ಒಬ್ಬನಿಗೆ ತಾಯಿಯ ಹಂಗಿಲ್ಲ, ಇನ್ನೊಬ್ಬನಿಗೆ ತಂದೆಯ ಹಂಗಿಲ್ಲ.

ಕಥೆಯನ್ನು ಕಥೆಯಾಗಿಯೇ ಸವಿಯುವುದು ಸರಿ. ಆದರೂ ಒಮ್ಮೆ ಕೇಳಿನೋಡೋಣ: ತಂದೆಯೊಬ್ಬನಿಂದಲೋ ತಾಯಿಯೊಬ್ಬಳಿಂದಲೋ ಮಗುವಾಗುವುದು ಪ್ರಕೃತಿಯಲ್ಲಿ ಏಕೆ ಸಾಧ್ಯವಿಲ್ಲ? ಇದು ಬಾಲಿಶ ಪ್ರಶ್ನೆಯಲ್ಲ. ಕೆಲವು ಜಾತಿಯ ಹಲ್ಲಿಗಳಲ್ಲಿ ಗಂಡೇ ಇಲ್ಲ. ತಾಯಂದಿರೇ ಹೆಣ್ಣುಮರಿಗಳನ್ನು ಹಡೆದು ವಂಶ ನಡೆಸುತ್ತವೆ. ಗಿಡಹೇನುಗಳಲ್ಲಿ ತಂದೆಯಿಲ್ಲದ ಹುಟ್ಟು ದಿನನಿತ್ಯದ ಮಾತು. ಹಾಲೂಡಿಸಿ ಮರಿಗಳನ್ನು ಸಾಕುವ ಪ್ರಾಣಿವರ್ಗದಲ್ಲಿ ಮಾತ್ರ ಇಂಥದೊಂದು ಹುಟ್ಟು ಸಹಜವಾಗಿ ನಡೆದದ್ದನ್ನು ಯಾರೂ ಕಂಡಿಲ್ಲ. ಇಲಿಗೂ ಇಲ್ಲ, ಆನೆಗೂ ಇಲ್ಲ, ಮನುಷ್ಯನಿಗೂ ಇಲ್ಲ. ಇದರ ಕಾರಣವನ್ನು ಹುಡುಕಹೊರಟವರಿಗೆ ದೊರೆತ ಉತ್ತರ, ನಮ್ಮ ಮನೆಮನೆಯ ಒಂದು ಹಳೆಯ ಅನ್ಯಾಯದ ಮೇಲೆಯೂ ಬೆಳಕು ಚೆಲ್ಲುತ್ತದೆ. ಅದಕ್ಕಾಗಿಯೇ ಈ ವಾರ ಸಾಹಿತ್ಯದ ಹೊಸ್ತಿಲನ್ನು ದಾಟಿ ಅತ್ತ ಹೆಜ್ಜೆಯಿಟ್ಟಿದ್ದೇನೆ.

ಮಗುವಿನಲ್ಲಿ ತಂದೆಯ ಪಾಲೆಷ್ಟು, ತಾಯಿಯ ಪಾಲೆಷ್ಟು ಎಂಬ ವಿಚಾರ ಹಳೆಯದು. ಮನುಸ್ಮೃತಿಯು ಗಂಡಸನ್ನು ಬೀಜವೆಂದೂ ಹೆಂಗಸನ್ನು ಕ್ಷೇತ್ರವೆಂದೂ ಕರೆದು, ಎರಡರಲ್ಲಿ ಬೀಜವೇ ಹೆಚ್ಚಿನದೆಂದು ತೀರ್ಮಾನಿಸಿತು. ಗ್ರೀಕರ ಅರಿಸ್ಟಾಟಲನೂ ಗಂಡು ರೂಪವನ್ನು ಕೊಡುತ್ತದೆ, ಹೆಣ್ಣು ದ್ರವ್ಯವನ್ನಷ್ಟೇ ಒದಗಿಸುತ್ತದೆ ಎಂದನು. ಸುಶ್ರುತನು ಇವರಿಗಿಂತ ಸೂಕ್ಷ್ಮ: ಕೂದಲು, ಮೂಳೆ, ಉಗುರು, ಹಲ್ಲು ಮೊದಲಾದ ಗಟ್ಟಿ ಭಾಗಗಳು ತಂದೆಯಿಂದಲೂ, ಮಾಂಸ, ರಕ್ತ, ಮೇದಸ್ಸು, ಹೃದಯ ಮೊದಲಾದ ಮೆದು ಭಾಗಗಳು ತಾಯಿಯಿಂದಲೂ ಬರುತ್ತವೆಂದು ಪಾಲು ಹಂಚಿದನು.

ಆದರೆ ಈ ವಿಚಾರವನ್ನು ನ್ಯಾಯದ ಕಟ್ಟೆಗೆ ಏರಿಸಿದವನು ನಮ್ಮ ಸೀಮೆಯವನೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ೧೦೭೬ರಿಂದ ೧೧೨೬ರವರೆಗಿನ ಅವಧಿಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನನ್ನು ಕಲಬುರಗಿ ಜಿಲ್ಲೆಯ ಮರತೂರಿನವರು ತಮ್ಮ ಊರವನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ‘ಸಪಿಂಡ’ ಎಂಬ ಮಾತಿಗೆ ಶ್ರಾದ್ಧದ ಪಿಂಡವನ್ನು ಹಿಡಿದು ಅರ್ಥ ಮಾಡುವ ಪಂಡಿತರುಂಟು. ಇವನು ಹಾಗೆ ಮಾಡದೆ, ಒಂದೇ ಶರೀರದ ಅವಯವಗಳು ಯಾರಲ್ಲಿ ಮುಂದುವರಿದು ಬಂದಿವೆಯೋ ಅವರು ಸಪಿಂಡರು ಎಂದನು. ಮಗನು ತಂದೆಗೆ ಹೇಗೋ ಹಾಗೆಯೇ ತಾಯಿಗೂ ಸಪಿಂಡ. ಇಬ್ಬರ ಶರೀರವೂ ಅವನಲ್ಲಿದೆ. ಒಂಬತ್ತು ಶತಮಾನಗಳ ಹಿಂದೆ ಹೆಣ್ಣನ್ನು ಬರಿಯ ಹೊಲವೆನ್ನದೆ ಪಾಲುಗಾರಳೆಂದು ಕಂಡ ಮಾತಿದು, ಸಾಮಾನ್ಯವಲ್ಲ. ಆದರೆ ಅವನೂ ಒಂದು ಲೆಕ್ಕ ಹಾಕಿದನು. ಮಗಳಲ್ಲಿ ತಾಯಿಯ ಅವಯವಗಳು ಹೆಚ್ಚು, ಆದುದರಿಂದ ಸ್ತ್ರೀಧನ ಮಗಳಿಗೆ. ಮಗನಲ್ಲಿ ತಂದೆಯ ಅವಯವಗಳು ಹೆಚ್ಚು, ಆದುದರಿಂದ ತಂದೆಯ ಧನ ಮಗನಿಗೆ. ಬಂಗಾಳದ ಕಡೆಯನ್ನು ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಶತಮಾನಗಳ ಕಾಲ ಮಿತಾಕ್ಷರದ ಮಾತಿನಂತೆ ಹಂಚಿಹೋಯಿತು. ೧೯೫೬ರ ಉತ್ತರಾಧಿಕಾರ ಕಾಯಿದೆ ಮತ್ತು ಅದಕ್ಕೆ ೨೦೦೫ರಲ್ಲಿ ಆದ ತಿದ್ದುಪಡಿ ಬರುವ ತನಕ ಪಿತ್ರಾರ್ಜಿತದಲ್ಲಿ ಮಗಳು ಮಗನ ಸಮಕ್ಕೆ ನಿಲ್ಲಲಾಗಲಿಲ್ಲ. ಗರ್ಭದ ವಿಷಯದಲ್ಲಿ ನಾವು ಏನನ್ನು ನಂಬುತ್ತೇವೆಂಬುದು ಗರ್ಭದಲ್ಲಿಯೇ ಉಳಿಯುವುದಿಲ್ಲ. ಅದು ಹೊಲಮನೆಗಳ ಪಾಲಿಗೂ ಸೊಸೆಯ ಕಣ್ಣೀರಿಗೂ ಬಂದು ಮುಟ್ಟುತ್ತದೆ.

ಇನ್ನು ಇಂದಿನ ವಿಜ್ಞಾನದ ಲೆಕ್ಕಕ್ಕೆ ಬರೋಣ. ತಾಯಿಯ ಅಂಡಾಣುವಿನಲ್ಲಿ ೨೩ ವರ್ಣತಂತುಗಳು, ತಂದೆಯ ವೀರ್ಯಾಣುವಿನಲ್ಲಿ ೨೩, ಕೂಡಿ ೪೬. ಇವುಗಳಲ್ಲಿ ಸುಮಾರು ಇಪ್ಪತ್ತು ಸಾವಿರ ವಂಶವಾಹಿಗಳು ಅಡಗಿವೆ. ಬಹುಮಟ್ಟಿಗೆ ಎಲ್ಲಕ್ಕೂ ಎರಡೆರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ನಮ್ಮಂಥ ಕನ್ನಡ ಮೇಷ್ಟರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಹಳೆಯ ಕಾವ್ಯವೊಂದಕ್ಕೆ ಎರಡು ಓಲೆಯ ಪ್ರತಿಗಳು ಸಿಕ್ಕಿವೆಯೆನ್ನಿ. ಒಂದರಲ್ಲಿ ಗರಿ ಮುರಿದಿದ್ದರೆ, ಹುಳು ತಿಂದಿದ್ದರೆ, ಸಂಪಾದಕನು ಇನ್ನೊಂದನ್ನು ನೋಡಿ ಪಾಠವನ್ನು ಪೂರ್ತಿಮಾಡುತ್ತಾನೆ. ಎರಡು ಪ್ರತಿಗಳಿರುವುದರ ಲಾಭವೇ ಅದು. ಯಾವ ಪ್ರತಿ ಯಾವ ಮಠದಿಂದ ಬಂತೆಂಬುದು ಪಾಠಕ್ಕೆ ಮುಖ್ಯವಲ್ಲ. ಜೀವಶಾಸ್ತ್ರಜ್ಞರೂ ಬಹುಕಾಲ ಹೀಗೆಯೇ ತಿಳಿದಿದ್ದರು: ವಂಶವಾಹಿ ತಂದೆಯಿಂದ ಬಂದರೇನು, ತಾಯಿಯಿಂದ ಬಂದರೇನು, ಕೆಲಸ ಒಂದೇ.

ಹಾಗಾದರೆ ಎರಡು ಪ್ರತಿಗಳನ್ನೂ ತಾಯಿಯಿಂದಲೇ ತೆಗೆದುಕೊಂಡರೆ? ಲೆಕ್ಕವೇನೋ ಸರಿಹೋಗಬೇಕು. ಇದನ್ನು ೧೯೮೪ರಲ್ಲಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿದರು: ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ, ಕೀನ್ಯಾ ದೇಶದಲ್ಲಿ ಹುಟ್ಟಿದ ಅಜೀಮ್ ಸುರಾನಿ ಮತ್ತು ಸಂಗಡಿಗರು, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾವೋರ್ ಸೋಲ್ಟರ್ ಮತ್ತು ಜೇಮ್ಸ್ ಮ್ಯಾಗ್ರಾತ್. ಇಲಿಯ ಅಂಡಾಣುವಿಗೆ ವೀರ್ಯಾಣು ಸೇರಿದ ಮೇಲೆ ಕೆಲವು ಗಂಟೆಗಳ ಕಾಲ ತಾಯಿಯ ಕೇಂದ್ರವೂ ತಂದೆಯ ಕೇಂದ್ರವೂ ಒಂದೇ ಮನೆಯಲ್ಲಿ ಬೇರೆಬೇರೆ ನಿಂತಿರುತ್ತವೆ. ಆ ಹೊತ್ತಿನಲ್ಲಿ ಕೂದಲಿಗಿಂತಲೂ ಸಪೂರವಾದ ಗಾಜಿನ ನಳಿಗೆಯಿಂದ ಒಂದನ್ನು ತೆಗೆದು ಮತ್ತೊಂದನ್ನು ಇಟ್ಟರು. ತಾಯಿಯದೊಂದು, ತಂದೆಯದೊಂದು ಇಟ್ಟ ಕಡೆ ಮರಿಗಳು ಆರೋಗ್ಯವಾಗಿ ಹುಟ್ಟಿದುವು. ಎಂದರೆ ಕೈಚಳಕದಲ್ಲಿ ದೋಷವಿರಲಿಲ್ಲ. ಎರಡೂ ತಾಯಿಯವೇ ಆದ ಕಡೆ ಒಂದು ಮರಿಯೂ ಹುಟ್ಟಲಿಲ್ಲ. ಎರಡೂ ತಂದೆಯವೇ ಆದ ಕಡೆಯೂ ಅಷ್ಟೇ.

ಸೋತ ಬಗೆ ಮಾತ್ರ ಒಂದೇ ಆಗಿರಲಿಲ್ಲ. ಎರಡೂ ತಾಯಿಯವಾದಾಗ ಪಿಂಡವು ಗಾತ್ರದಲ್ಲಿ ಕಿರಿದಾದರೂ ಸ್ವಲ್ಪದೂರ ಒಪ್ಪವಾಗಿ ರೂಪುಗೊಂಡಿತು. ಅದನ್ನು ಪೋಷಿಸಬೇಕಾದ ಮಾಸು ಬೆಳೆಯಲಿಲ್ಲ. ಎರಡೂ ತಂದೆಯವಾದಾಗ ಮಾಸಿನ ಅಂಗಾಂಶ ಹುಲುಸಾಗಿ ಹಬ್ಬಿತು. ಅದರೊಳಗೆ ಕೂಸೆನ್ನಬಹುದಾದದ್ದು ಬೆಳೆಯಲಿಲ್ಲ. ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಮಾಸೆಂದರೆ ಹೆಂಗಸರ ಲೋಕದ ವಸ್ತು. ಹೆರಿಗೆಯಾದ ಮೇಲೆ ಸೂಲಗಿತ್ತಿ ಅದು ಪೂರ್ತಿ ಬಿತ್ತೋ ಇಲ್ಲವೋ ಎಂದು ನೋಡಿ ಹೂಳಿಸುವಂಥದು. ಆ ಮಾಸನ್ನು ಹೆಣೆಯುವುದರಲ್ಲಿ ತಂದೆಯ ವಂಶವಾಹಿಗಳದು ವಿಶೇಷ ಪಾತ್ರ! ಬೀಜ ಮತ್ತು ಹೊಲ ಎಂದು ಎರಡಾಗಿ ಗೆರೆ ಎಳೆದವರ ಗೆರೆಯೇ ಇಲ್ಲಿ ಅಳಿಸಿಹೋಗುತ್ತದೆ. ಹೊಲದ ಒಂದು ಭಾಗವನ್ನು ಬೀಜವೇ ಹದಮಾಡುತ್ತದೆ.

ಕಾರಣವೇನು? ಕೆಲವು ವಂಶವಾಹಿಗಳ ಮೇಲೆ ತಂದೆತಾಯಿಗಳು ತಮ್ಮತಮ್ಮ ಗುರುತು ಹಾಕಿ ಕಳಿಸುತ್ತಾರೆ. ಇದನ್ನು ಜೀನೋಮಿಕ್ ಇಂಪ್ರಿಂಟಿಂಗ್ ಎನ್ನುತ್ತಾರೆ. ನಾವು ‘ಮುದ್ರೆ’ ಎನ್ನೋಣ. ಓಲೆಯ ಉಪಮೆಯನ್ನೇ ಮುಂದುವರಿಸಿದರೆ, ಪ್ರತಿಯಲ್ಲಿ ಅಕ್ಷರವೊಂದೂ ಬದಲಾಗಿಲ್ಲ; ಆದರೆ ಒಂದು ಪದ್ಯದ ಮಗ್ಗುಲಲ್ಲಿ ಲಿಪಿಕಾರನು ‘ಇದನ್ನು ಓದಬೇಡ’ ಎಂದು ಗುರುತಿಟ್ಟಿದ್ದಾನೆ. ತಾಯಿಯ ಪ್ರತಿಯಲ್ಲಿ ಗುರುತಿರುವ ಪದ್ಯವನ್ನು ತಂದೆಯ ಪ್ರತಿಯಿಂದಲೇ ಓದಬೇಕು. ತಂದೆಯ ಪ್ರತಿಯಲ್ಲಿ ಗುರುತಿರುವುದನ್ನು ತಾಯಿಯದರಿಂದಲೇ ಓದಬೇಕು. ಎರಡು ಪ್ರತಿಗಳೂ ಒಂದೇ ಮಠದಿಂದ ಬಂದರೆ ಕೆಲವು ಪದ್ಯಗಳನ್ನು ಯಾರೂ ಓದುವುದಿಲ್ಲ, ಕೆಲವನ್ನು ಎರಡೆರಡು ಸಲ ಓದಿದಂತಾಗುತ್ತದೆ. ಕಾವ್ಯ ಕೆಡುತ್ತದೆ. ಆ ಗುರುತು ಮೀಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು. ವಂಶವಾಹಿಯ ಎಳೆಗೆ ಅಂಟಿಕೊಂಡು ಅದನ್ನು ಮೌನಗೊಳಿಸುತ್ತದೆ. ಮನುಷ್ಯನಲ್ಲಿ ಹೀಗೆ ಮುದ್ರೆಬಿದ್ದ ವಂಶವಾಹಿಗಳು ಸುಮಾರು ನೂರು ಮಾತ್ರ. ಇಪ್ಪತ್ತು ಸಾವಿರದಲ್ಲಿ ನೂರು! ಆದರೂ ಅವಿಲ್ಲದೆ ಹುಟ್ಟೇ ಇಲ್ಲ.

ಈ ಮುದ್ರೆ ಶಾಶ್ವತವೂ ಅಲ್ಲ. ತಾಯಿಯ ಮುದ್ರೆ ಹೊತ್ತು ಬಂದ ವಂಶವಾಹಿ ಮಗನ ದೇಹದಲ್ಲಿ ಆ ಮುದ್ರೆಯೊಡನೆಯೇ ಬಾಳುತ್ತದೆ. ಆದರೆ ಅವನ ವೀರ್ಯಾಣುಗಳು ತಯಾರಾಗುವಲ್ಲಿ ಹಳೆಯ ಮುದ್ರೆ ಅಳಿಸಿ, ತಂದೆಯ ಮುದ್ರೆ ಬೀಳುತ್ತದೆ. ಅಜ್ಜಿಯಿಂದ ಬಂದದ್ದು ಮೊಮ್ಮಗನಿಗೆ ತಂದೆಯದಾಗಿ ತಲಪುತ್ತದೆ. ಗಂಡಿನ ವಂಶವಾಹಿ, ಹೆಣ್ಣಿನ ವಂಶವಾಹಿ ಎಂಬ ಜಾತಿಭೇದ ಇಲ್ಲಿಲ್ಲ. ಕೊನೆಯದಾಗಿ ಯಾರ ಕೈದಾಟಿ ಬಂತೆಂಬುದಷ್ಟೇ ಲೆಕ್ಕ.

‘ಮುದ್ರೆ’ ಎಂಬ ಮಾತು ಇಲಿಗಳಿಂದ ಮೊದಲಾದುದಲ್ಲ. ೧೯೬೦ರಲ್ಲಿ ಹೆಲೆನ್ ಕ್ರೌಸ್ ಎಂಬ ವಿದುಷಿಯು ಒಂದು ಜಾತಿಯ ಸಣ್ಣ ನೊಣದ ವರ್ಣತಂತುಗಳನ್ನು ಕುರಿತು ಬರೆಯುತ್ತ ಈ ಮಾತನ್ನು ಬಳಸಿದಳು. ಇದಕ್ಕಿಂತ ಸೋಜಿಗದ ಉದಾಹರಣೆ ನಮ್ಮ ಹೊಲಗಳಲ್ಲಿಯೇ ಇದೆ. ಕೃಷ್ಣೆ ಭೀಮೆಯರ ನಡುವಿನ ಈ ಸಗರನಾಡಿನಲ್ಲಿ, ಯಾದಗಿರಿಯಿಂದ ಶಹಾಪುರ ದಾಟಿ ಸುರಪುರದವರೆಗೆ, ಹತ್ತಿಯ ಹೊಲಕ್ಕೆ ಇಳಿದ ರೈತನಿಗೆ ಹಿಟ್ಟುತಿಗಣೆಯನ್ನು ಪರಿಚಯಿಸಬೇಕಾಗಿಲ್ಲ. ಕುಡಿಗೂ ದಂಟಿಗೂ ಜೋಳದ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಮೆತ್ತಿಕೊಂಡು ರಸ ಹೀರುವುದು ಹೆಣ್ಣು. ಗಂಡು ಕಣ್ಣಿಗೆ ಬೀಳುವುದೇ ಅಪರೂಪ. ಸಣ್ಣ ರೆಕ್ಕೆಯ, ಅಲ್ಪಾಯುಷ್ಯದ ಜೀವ.

ಈ ಹಿಟ್ಟುತಿಗಣೆಗಳ ಗಂಡುಮರಿಯಲ್ಲಿ ತಂದೆಯಿಂದ ಬಂದ ವರ್ಣತಂತುಗಳೆಲ್ಲವೂ ಭ್ರೂಣಾವಸ್ಥೆಯಲ್ಲಿಯೇ ಮುದುಡಿ ಗಂಟಾಗಿ ಮೌನವಹಿಸುತ್ತವೆ. ತಾಯಿಯ ಪ್ರತಿಯೊಂದೇ ಕೆಲಸಮಾಡುತ್ತದೆ. ಆ ಗಂಡು ಬೆಳೆದು ತಾನೂ ವೀರ್ಯಾಣುವನ್ನು ತಯಾರಿಸುವಾಗ ಮುಂದಕ್ಕೆ ಕಳಿಸುವುದೂ ತಾಯಿಯಿಂದ ಬಂದದ್ದನ್ನೇ; ತಂದೆಯ ಪಾಲು ಅಲ್ಲಿಗೆ ಮುಗಿಯಿತು. ಹೆಣ್ಣುಮರಿಯಲ್ಲಾದರೋ ಎರಡೂ ಪ್ರತಿಗಳು ಜೀವಂತ. ಅಮೆರಿಕದ ಬರ್ಕ್ಲಿಯಲ್ಲಿ ಸ್ಪೆನ್ಸರ್ ಬ್ರೌನ್ ಮತ್ತು ನೆಲ್ಸನ್-ರೀಸ್ ಎಂಬವರು ತಂದೆ ತಿಗಣೆಗಳಿಗೆ ಎಕ್ಸ್-ಕಿರಣಗಳನ್ನು ಬಲವಾಗಿ ಹಾಯಿಸಿ ೧೯೬೧ರಲ್ಲಿ ಇದನ್ನು ತೋರಿಸಿಕೊಟ್ಟರು. ತಂದೆಯ ವರ್ಣತಂತುಗಳು ಜರ್ಜರಿತವಾದವು. ಹೆಣ್ಣುಮಕ್ಕಳು ಸತ್ತುವು, ಗಂಡುಮಕ್ಕಳು ಬದುಕಿದುವು. ಹೇಗೂ ಓದದೆ ಕಟ್ಟಿಟ್ಟ ಪುಸ್ತಕ ಹರಿದರೆ ಓದುಗನಿಗೇನು ನಷ್ಟ?

ಬ್ರೌನರ ಒಡನಾಟದಲ್ಲಿ ಇದೇ ಹಿಟ್ಟುತಿಗಣೆಯನ್ನು ಅಭ್ಯಸಿಸಿದ ಕನ್ನಡನಾಡಿನ ವಿಜ್ಞಾನಿ ಎಚ್. ಶರತ್ ಚಂದ್ರ. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಈ ಕೆಲಸವನ್ನು ಬೆಳೆಸಿದರು. ೧೯೭೫ರಲ್ಲಿ ಅವರೂ ಬ್ರೌನರೂ ಕೂಡಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ಕೀಟದಲ್ಲಿ ಕಂಡ ಮುದ್ರೆಯ ತತ್ತ್ವವನ್ನು ಹಾಲೂಡಿಸುವ ಪ್ರಾಣಿಗಳ ಎಕ್ಸ್ ವರ್ಣತಂತುವಿಗೂ ಅನ್ವಯಿಸಿ ವಿಚಾರಮಾಡಿತು. ಕೇಂಬ್ರಿಜ್ಜಿನ ಇಲಿಗಳಿಗಿಂತ ಒಂಬತ್ತು ವರ್ಷ ಮುಂಚಿನ ಮಾತು! ಮುದ್ರೆಯ ಉಗಮವನ್ನು ಕುರಿತು ಅವರೂ ವಿದ್ಯಾನಂದ ನಂಜುಂಡಯ್ಯನವರೂ ೧೯೯೦ರಲ್ಲಿ ಮತ್ತೊಂದು ಲೇಖನವನ್ನು ಬರೆದರು. ರೈತನು ಶಪಿಸಿ ಔಷಧಿ ಹೊಡೆಯುವ ಹುಳುವಿನಲ್ಲಿ ಜೀವದ ಗುಟ್ಟೊಂದನ್ನು ಓದಿದವರಲ್ಲಿ ನಮ್ಮವರೂ ಇದ್ದರೆಂಬುದು ಸಂತೋಷದ ಸಂಗತಿ.

ಇಲಿಗಳ ಮಾತು, ಹುಳುಗಳ ಮಾತು ಆಯಿತು, ಮನುಷ್ಯರ ಮಾತೇನು? ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡಬೇಕಾಗಿಲ್ಲ. ಪ್ರಕೃತಿಯೇ ಆಗೀಗ ಕೈತಪ್ಪಿ ಮಾಡಿಬಿಡುತ್ತದೆ. ಒಮ್ಮೆ ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕುಳಿತ ವೃದ್ಧೆಯೊಬ್ಬರು ಮನೆಯ ಕಥೆಯನ್ನು ತೋಡಿಕೊಂಡರು. ಸೊಸೆಗೆ ಮೂರು ತಿಂಗಳು ತುಂಬಿತ್ತು. ವಾಂತಿ ವಿಪರೀತ, ಹೊಟ್ಟೆ ಐದು ತಿಂಗಳಷ್ಟು ದೊಡ್ಡದು, ಮೇಲೆ ರಕ್ತಸ್ರಾವ. ಆಸ್ಪತ್ರೆಯಲ್ಲಿ ನೋಡಿದರೆ ಕೂಸೇ ಇರಲಿಲ್ಲ.

“ಬರೇ ದ್ರಾಕ್ಷಿ ಗೊನಿ ಇದ್ದಂಗ ಐತಿ ಅಂದ್ರು ನೋಡ್ರಿ ಮಾಸ್ತರ, ಡಾಕ್ಟರಮ್ಮನವರು. ಬೀಜ ಎಷ್ಟು ಚೊಲೊ ಇದ್ರ ಏನ್ ಮಾಡೂದ್ರಿ, ಹೊಲಾನ ಸವಳು ಇದ್ರ ಬೆಳಿ ಹೆಂಗ ಬರ್ತೈತಿ? ತವರಿಗೆ ಕಳಿಸೀವಿ. ಮಗಗ ಬ್ಯಾರೆ ಕಡೆ ನೋಡಬೇಕಂತ ಮಾಡೀವಿ.”

ಮನುಸ್ಮೃತಿಯ ಹೆಸರನ್ನೂ ಕೇಳಿರದ ಆ ಹಿರಿಯಳ ಬಾಯಲ್ಲಿ ಅದೇ ಬೀಜ, ಅದೇ ಕ್ಷೇತ್ರ! ಕಾಲುವೆಯ ನೀರು ಹೆಚ್ಚಾಗಿ ಸವಳು ಬಿದ್ದ ಭೂಮಿಯನ್ನು ಕಣ್ಣಾರೆ ಕಂಡವರಿಗೆ ಆ ಉಪಮೆ ಎಷ್ಟು ಸಹಜ! ಆದರೆ ಅದು ಸಂಪೂರ್ಣ ತಪ್ಪು. ವೈದ್ಯರು ಹೈಡಾಟಿಡಿಫಾರ್ಮ್ ಮೋಲ್ ಎನ್ನುವ ಈ ಗರ್ಭದ ಪೂರ್ಣರೂಪದಲ್ಲಿ ಆಗುವುದೇನೆಂದರೆ, ಅಂಡಾಣುವಿನ ಕೇಂದ್ರದಲ್ಲಿದ್ದ ತಾಯಿಯ ವರ್ಣತಂತುಗಳು ಹೇಗೋ ಕಳೆದುಹೋಗಿರುತ್ತವೆ. ಒಳಸೇರಿದ ಒಂದು ವೀರ್ಯಾಣುವಿನ ೨೩ ವರ್ಣತಂತುಗಳು ಇಮ್ಮಡಿಯಾಗಿ ೪೬ ಆಗುತ್ತವೆ. ಕೆಲವು ಸಲ ಎರಡು ವೀರ್ಯಾಣುಗಳೇ ಸೇರುತ್ತವೆ. ೧೯೭೭ರಲ್ಲಿ ಜಪಾನಿನ ಕಾಜಿಯಿ ಮತ್ತು ಒಹಾಮ ಇದನ್ನು ಕಂಡುಹಿಡಿದರು. ಕೇಂಬ್ರಿಜ್ಜಿನ ಎರಡು ತಂದೆಯ ಇಲಿಯಂತೆಯೇ ಇಲ್ಲಿಯೂ ಮಾಸಿನ ಅಂಗಾಂಶ ಮಾತ್ರ ದ್ರಾಕ್ಷಿಗೊಂಚಲಾಗಿ ಹಬ್ಬುತ್ತದೆ, ಕೂಸಿಲ್ಲ.

“ಯವ್ವಾ, ಆ ಗರ್ಭದಾಗ ನಿಮ್ಮ ಸೊಸಿ ಕಡಿಯಿಂದ ಬರಬೇಕಾದ ಪಾಲು ಬಂದೇ ಇರಲಿಲ್ಲ, ಇದ್ದದ್ದೆಲ್ಲ ನಿಮ್ಮ ಮಗನ ಕಡಿದೇ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ನನ ಮಗನ ತಪ್ಪೇನ್ರಿ?” ಎಂದು ಕೇಳಿದರು. “ಅವಂದೂ ಅಲ್ಲ, ಬಿತ್ತುವಾಗ ಕಾಳು ಕೈ ಜಾರಿದಂಗ. ಮುಂದಿನ ಸಲ ಚೊಲೊ ಆಗತೈತಿ. ಸೊಸೀನ್ನ ಕರಕೊಂಡು ಬರ್ರಿ, ಆಸ್ಪತ್ರೀಗೆ ತಪ್ಪದಂಗ ತೋರಸ್ರಿ” ಎಂದೆ.

ಕೊನೆಯ ಮಾತನ್ನು ನಾನು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಒಮ್ಮೆ ಹೀಗಾದವಳಿಗೆ ಮತ್ತೆ ಹೀಗಾಗುವ ಸಂಭವ ನೂರಕ್ಕೆ ಸುಮಾರು ಒಂದು ಮಾತ್ರ. ಆದರೆ ಗರ್ಭವನ್ನು ತೆಗೆದ ಮೇಲೂ ಆ ಅಂಗಾಂಶ ಒಳಗೆ ಉಳಿದು ಬೆಳೆಯಬಹುದು. ಪೂರ್ಣರೂಪದ ನೂರರಲ್ಲಿ ಹದಿನೈದು ಇಪ್ಪತ್ತು ಮಂದಿಗೆ ಔಷಧ ಬೇಕಾಗುತ್ತದೆ. ಅಪರೂಪಕ್ಕೆ ಅದು ಕ್ಯಾನ್ಸರಾಗಿಯೂ ತಿರುಗುತ್ತದೆ. ಆದುದರಿಂದ ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನಿನ ಪ್ರಮಾಣ ರಕ್ತದಲ್ಲಿ ಇಳಿದು ಮಾಯವಾಗುವ ತನಕ, ಅನಂತರವೂ ವೈದ್ಯರು ಹೇಳಿದಷ್ಟು ತಿಂಗಳು, ಪರೀಕ್ಷೆ ನಡೆಯಬೇಕು. ಅವರು ಅನುಮತಿ ಕೊಡುವವರೆಗೆ ಮತ್ತೆ ಬಸಿರಾಗಬಾರದು. ತವರಿಗೆ ಅಟ್ಟಿದ ಹೆಣ್ಣಿಗೆ ತಪ್ಪಿಹೋಗುವುದು ಈ ಪರೀಕ್ಷೆಯೇ. ಗಂಡನ ಮನೆಯವರು ಕೈಬಿಟ್ಟಿದ್ದಾರೆ, ತವರಿನವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ನಡುವೆ ರೋಗ ಬೆಳೆಯುತ್ತದೆ. ತಪ್ಪು ಉಪಮೆಯೊಂದು ಪ್ರಾಣವನ್ನೇ ತೆಗೆಯಬಲ್ಲುದು.

ಪ್ರಾಣ ಉಳಿಸುವ ಔಷಧವಂತೂ ನಮ್ಮಲ್ಲಿ ಬಹುಕಾಲದಿಂದಿದೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಮೆಥೊಟ್ರೆಕ್ಸೇಟ್ ಅದು. ಸುಬ್ಬರಾಯರು ೧೯೪೮ರಲ್ಲಿ ತೀರಿಕೊಂಡರು. ೧೯೫೬ರಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಎಂಬ ವೈದ್ಯರು, ಮಾಸಿನ ಕ್ಯಾನ್ಸರು ಶ್ವಾಸಕೋಶಕ್ಕೆ ಹರಡಿದ್ದ ಹೆಂಗಸರು ಈ ಮದ್ದಿನಿಂದ ಗುಣಹೊಂದಿದುದನ್ನು ಲೋಕಕ್ಕೆ ತಿಳಿಸಿದರು. ಗಡ್ಡೆಯಾಗುವ ಕ್ಯಾನ್ಸರೊಂದು ಔಷಧಿಯಿಂದಲೇ ವಾಸಿಯಾದ ಮೊದಲ ನಿದರ್ಶನವದು. ಸಕಾಲದಲ್ಲಿ ಆಸ್ಪತ್ರೆಗೆ ಬಂದವರು ಇಂದು ಬಹುತೇಕ ಎಲ್ಲರೂ ಗುಣವಾಗುತ್ತಾರೆ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಹೆಂಗಸಿನ ಅಂಡಾಶಯದಲ್ಲಿ ಕೆಲವೊಮ್ಮೆ ಡರ್ಮಾಯ್ಡ್ ಎಂಬ ಗಡ್ಡೆ ಬೆಳೆಯುತ್ತದೆ. ಕೊಯ್ದು ತೆಗೆದರೆ ಒಳಗೆ ಕೂದಲು, ಕೆಲವು ಸಲ ಹಲ್ಲು! ಕಂಡವರು ಬೆದರುವುದು ಸಹಜ; ಮದುವೆಯಾಗದ ಹುಡುಗಿಯ ನಡತೆಯ ಮೇಲೂ ಸಂಶಯ ಹುಟ್ಟೀತು. ಆದರೆ ಅದರಲ್ಲಿ ಗಂಡಸಿನ ಪಾಲು ಲವಲೇಶವೂ ಇಲ್ಲ. ಅವಳದೇ ಅಂಡಾಣುವೊಂದು ತಾನಾಗಿ ಬೆಳೆಯಹೊರಟು ಅಡ್ಡದಾರಿ ಹಿಡಿದುದು ಅದು. ವರ್ಣತಂತುಗಳೆಲ್ಲವೂ ತಾಯಿಯ ಕಡೆಯವೇ. ಹಲ್ಲನ್ನೂ ಕೂದಲನ್ನೂ ತಂದೆಯ ಪಾಲಿಗೆ ಬರೆದ ಸುಶ್ರುತನು ಇದನ್ನು ಕಂಡಿದ್ದರೆ ತನ್ನ ಪಟ್ಟಿಯನ್ನು ತಿದ್ದುತ್ತಿದ್ದನೇನೋ.

ಕೆಲವೇ ಹೆಂಗಸರಲ್ಲಿ ಮೋಲ್ ಗರ್ಭ ಮತ್ತೆ ಮತ್ತೆ ಬರುವುದುಂಟು. ಅಲ್ಲಿನ ಕಥೆ ಬೇರೆ. ಆ ಗರ್ಭದಲ್ಲಿ ತಾಯಿತಂದೆಯರಿಬ್ಬರ ಪ್ರತಿಗಳೂ ಇರುತ್ತವೆ. ಆದರೆ ತಾಯಿಯ ಪ್ರತಿಗೆ ಬೀಳಬೇಕಾದ ಮುದ್ರೆ ಬಿದ್ದಿರುವುದಿಲ್ಲ. ಅದಕ್ಕೆ ಕಾರಣವಾದ ಒಂದು ವಂಶವಾಹಿಯನ್ನು, ಎನ್‌ಎಲ್‌ಆರ್‌ಪಿ-೭ ಎಂಬುದನ್ನು, ೨೦೦೬ರಲ್ಲಿ ಗುರುತಿಸಿದರು. ಹೆಂಗಸು ಅದರ ಎರಡು ಕೆಟ್ಟ ಪ್ರತಿಗಳನ್ನು, ತನ್ನ ತಾಯಿಯಿಂದೊಂದು, ತಂದೆಯಿಂದೊಂದು, ಪಡೆದಿದ್ದರೆ ಮಾತ್ರ ಹೀಗಾಗುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದವರ ಮಗಳಿಗೆ ಒಂದೇ ಹಿರಿಯರ ಕೆಟ್ಟ ಪ್ರತಿ ಎರಡು ದಾರಿಯಿಂದಲೂ ಬರುವ ಸಂಭವ ಹೆಚ್ಚು. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವುದು ನಮ್ಮ ಕಡೆ ತಲೆತಲಾಂತರದ ರೂಢಿ. ದಕ್ಷಿಣದವರ ಈ ಆಚಾರವನ್ನು ಬೌಧಾಯನನೇ ಎತ್ತಿ ಹೇಳಿದ್ದಾನೆ. ಆಸ್ತಿ ಹೊರಗೆ ಹೋಗದಿರಲೆಂದು, ಹುಡುಗಿ ಕಣ್ಣೆದುರಿಗಿರಲೆಂದು ಹಿರಿಯರು ಮಾಡಿದರು. ಅದರ ಫಲವನ್ನು ಎಂದೋ ಒಮ್ಮೆ ಹೊರಬೇಕಾದವಳು, ಆ ಮದುವೆಯನ್ನು ನಿಶ್ಚಯಿಸುವಾಗ ಹುಟ್ಟಿಯೇ ಇರದ ಹೆಣ್ಣು. ಅವಳನ್ನು ದೂರುವುದೆಂತು? ಇಂಥವರಿಗೂ ಬೇರೊಬ್ಬರ ಅಂಡಾಣುವಿನ ನೆರವಿನಿಂದ ಮಗುವಾಗಬಹುದೆಂದು ವೈದ್ಯರು ಹೇಳುತ್ತಾರೆ.

ಮುದ್ರೆಯ ಪ್ರಭಾವ ಗರ್ಭದೊಡನೆ ಮುಗಿಯುವುದೂ ಇಲ್ಲ. ನಮ್ಮ ಹದಿನೈದನೆಯ ವರ್ಣತಂತುವಿನ ಒಂದು ಭಾಗ ತಂದೆಯಿಂದ ಬರಬೇಕಾದುದು ಬಾರದೆ ಹೋದರೆ, ಮಗು ಹುಟ್ಟಿದಾಗ ಮೆತ್ತಗೆ, ಮೊಲೆ ಚೀಪಲಾರದು. ಬೆಳೆದ ಮೇಲೆ ಎಷ್ಟು ಉಂಡರೂ ಹಸಿವು ತೀರದು. ಅದೇ ಭಾಗ ತಾಯಿಯಿಂದ ಬಾರದೆ ಹೋದರೆ ಮಗುವಿಗೆ ಮಾತು ಬಾರದು, ಮೂರ್ಛೆ ಬರುತ್ತದೆ, ಕಾರಣವಿಲ್ಲದೆ ನಗುತ್ತಿರುತ್ತದೆ. ಮೊದಲನೆಯದನ್ನು ಪ್ರಾಡರ್-ವಿಲ್ಲಿ ಎಂದೂ ಎರಡನೆಯದನ್ನು ಏಂಜಲ್‌ಮನ್ ಎಂದೂ, ೧೯೫೬ ಮತ್ತು ೧೯೬೫ರಲ್ಲಿ ಅವನ್ನು ವರ್ಣಿಸಿದ ವೈದ್ಯರ ಹೆಸರಿನಿಂದ ಕರೆಯುತ್ತಾರೆ. 'ಹಸಿವುಗೇಡಿ', 'ಹುಚ್ಚುನಗೆಯದು' ಎಂದು ನೆರೆಹೊರೆ ಆಡಿಕೊಳ್ಳುವ ಇಂಥ ಮಕ್ಕಳನ್ನು ಮಂತ್ರವಾದಿಯ ಬಳಿಗಲ್ಲ, ಮಕ್ಕಳ ವೈದ್ಯರ ಬಳಿಗೆ ಒಯ್ಯಬೇಕು. ಶರತ್ ಚಂದ್ರರೇ ಮುಂದಾಗಿ ಕಟ್ಟಿದ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂಥ ಅನುವಂಶಿಕ ತೊಂದರೆಗಳಿಗಾಗಿಯೇ ಹುಟ್ಟಿದ ಸಂಸ್ಥೆ.

ಇಷ್ಟೆಲ್ಲ ತೊಡಕನ್ನು ಪ್ರಕೃತಿ ಏಕೆ ತಂದುಕೊಂಡಿತು? ಡೇವಿಡ್ ಹೇಗ್ ಎಂಬ ಪಂಡಿತರು ಕೊಡುವ ವಿವರಣೆ ಸ್ವಾರಸ್ಯವಾಗಿದೆ. ಬಸಿರು ತಾಯಿಯ ಮೈಯನ್ನು ಸವೆಸುತ್ತದೆ. ತಂದೆಯ ವಂಶವಾಹಿಗಳು ಈ ಒಂದು ಮಗುವಿಗಾಗಿ ‘ಇನ್ನಷ್ಟು ತಾ’ ಎನ್ನುತ್ತವೆ. ಮುಂದಿನ ಮಕ್ಕಳಿಗೂ ತನಗೂ ಶಕ್ತಿ ಉಳಿಯಬೇಕಾದ ತಾಯಿಯವು ‘ಇಷ್ಟು ಸಾಕು’ ಎನ್ನುತ್ತವೆ. ೧೯೯೧ರಲ್ಲಿ ಇಲಿಯಲ್ಲಿ ಕಂಡ ಎರಡು ವಂಶವಾಹಿಗಳು ಈ ಮಾತಿಗೆ ಒಪ್ಪುತ್ತವೆ: ಬೆಳವಣಿಗೆಯನ್ನು ಏರಿಸುವುದೊಂದು, ಅದನ್ನು ತಂದೆಯ ಪ್ರತಿಯಿಂದ ಓದಲಾಗುತ್ತದೆ, ಏರಿಸುವುದಕ್ಕೆ ಕಡಿವಾಣ ಹಾಕುವುದೊಂದು, ಅದು ತಾಯಿಯ ಪ್ರತಿಯಿಂದ. ‘ತಾ’ ಎನ್ನುವುದೇ ಗೆದ್ದರೆ ದ್ರಾಕ್ಷಿಗೊಂಚಲು. ‘ಸಾಕು’ ಎನ್ನುವುದೇ ಗೆದ್ದರೆ ಮಾಸಿಲ್ಲದ ಬಡಪಿಂಡ. ಎರಡರ ಜಗ್ಗಾಟ ಸಮತೂಕಕ್ಕೆ ಬಂದಲ್ಲಿ ಕೂಸು.

ಮುದ್ರೆಯೇ ತಡೆಯೆಂಬುದಕ್ಕೆ ಇನ್ನೊಂದು ಸಾಕ್ಷಿ ೨೦೦೪ರಲ್ಲಿ ಜಪಾನಿನಿಂದ ಬಂತು. ಟೊಮೊಹಿರೊ ಕೋನೊ ಎಂಬವರು ಒಂದು ಇಲಿಯ ಅಂಡಾಣುವಿನ ಮುದ್ರೆ, ತಂದೆಯದನ್ನು ಹೋಲುವಂತೆ ಮಾಡಿ, ಅದನ್ನು ಮತ್ತೊಂದು ತಾಯಿಯ ಅಂಡಾಣುವಿನೊಡನೆ ಕೂಡಿಸಿದರು. ನೂರಾರು ಪ್ರಯತ್ನಗಳಲ್ಲಿ ಒಂದೇ ಒಂದು ಮರಿ ಬೆಳೆದು ದೊಡ್ಡದಾಗಿ ತಾನೂ ಮರಿ ಹಾಕಿತು. ಬಿದಿರಿನೊಳಗೆ ದೊರೆತ ರಾಜಕುಮಾರಿಯ ಹೆಸರನ್ನು, ಕಗುಯ ಎಂದು, ಅದಕ್ಕಿಟ್ಟರು. ತಾಯಿಯೊಬ್ಬಳಿಂದ ಹುಟ್ಟಿದ ಗಣಪತಿಯ ಕಥೆಗೆ ಇದು ಸಮೀಪ ಬಂತೆನ್ನಬಹುದು. ಆದರೆ ಅಲ್ಲಿಯೂ ಒಬ್ಬ ತಾಯಿ ತಂದೆಯ ವೇಷ ಹಾಕಬೇಕಾಯಿತು.

ಹಾಗಾದರೆ ಬೀಜ ದೊಡ್ಡದೋ, ಹೊಲ ದೊಡ್ಡದೋ? ಪ್ರಶ್ನೆಯೇ ತಪ್ಪು. ಹೆಂಗಸು ಹೊಲ ಮಾತ್ರವಲ್ಲ, ಬೀಜವೂ ಹೌದು. ಗಂಡಸು ಬೀಜ ಮಾತ್ರವಲ್ಲ, ಹೊಲವನ್ನು ಹದಮಾಡುವವನೂ ಹೌದು. ಇಬ್ಬರೂ ಕೊಡುವುದು ಸಮಪಾಲು. ಆದರೆ ಒಬ್ಬರದು ಇನ್ನೊಬ್ಬರದಕ್ಕೆ ಬದಲಾಗಿ ನಿಲ್ಲದು. ಒಂದೇ ಶರೀರದ ಅವಯವಗಳು ಇಬ್ಬರಿಂದಲೂ ಬರುತ್ತವೆಂದ ವಿಜ್ಞಾನೇಶ್ವರನ ಮಾತು ನಿಂತಿತು. ಮಗನಲ್ಲಿ ತಂದೆ ಹೆಚ್ಚು, ಮಗಳಲ್ಲಿ ತಾಯಿ ಹೆಚ್ಚೆಂದ ಲೆಕ್ಕ ಬಿದ್ದುಹೋಯಿತು. ಆ ಲೆಕ್ಕದ ಮೇಲೆ ನಿಂತಿದ್ದ ಆಸ್ತಿಯ ಅನ್ಯಾಯವನ್ನು ಕಾಯಿದೆ ತಿದ್ದಿದೆ. ಮನೆಯೊಳಗೆ ಸೊಸೆಗೆ ಅಂಟಿಸುವ ಸವಳು ಹೊಲವೆಂಬ ಹೆಸರನ್ನು ಕಾಯಿದೆ ಅಳಿಸಲಾರದು. ಗರ್ಭ ನಿಲ್ಲದ ಹೆಣ್ಣನ್ನು ತವರಿನ ಬಸ್ಸಿಗೆ ಹತ್ತಿಸುವ ಮೊದಲು ಗಂಡಹೆಂಡಿರಿಬ್ಬರನ್ನೂ ಆಸ್ಪತ್ರೆಯ ಬಸ್ಸಿಗೆ ಹತ್ತಿಸುವ ಅತ್ತೆಮಾವಂದಿರು ಮಾತ್ರ ಅದನ್ನು ಅಳಿಸಬಲ್ಲರು.